"ಗ್ಯಾಸ್ ಹೋಗಿದೆ" ಅನ್ನುವ ಮೊದಲು ಐಸ್ ಮಷೀನನ್ನು ಒಂದು ಸೈಕಲ್ ನಿಂತು ನೋಡಿ

ಏಪ್ರಿಲ್, ಮೇ ಬಂತೆಂದರೆ ಜ್ಯೂಸ್ ಅಂಗಡಿ, ಬಾರ್, ಕೆಫೆ ಎಲ್ಲ ಕಡೆಯೂ ಒಂದೇ ದೂರು: ಮಷೀನ್ ಓಡುತ್ತಿದೆ, ಐಸ್ ಸಾಲುತ್ತಿಲ್ಲ. ಮೆಕ್ಯಾನಿಕ್ ಬಂದು ಗೇಜ್ ಹಾಕಿ "ಗ್ಯಾಸ್ ಕಮ್ಮಿ ಇದೆ ಸಾರ್" ಅನ್ನುತ್ತಾನೆ. ದುಡ್ಡು ಕೊಟ್ಟು ಹಾಕಿಸಿದ ಮೇಲೂ ಎರಡು ವಾರಕ್ಕೆ ಮತ್ತೆ ಅದೇ ಕಥೆ. ಮಷೀನನ್ನು ತಣ್ಣಗಾಗಿಸುವ ಈ ಗ್ಯಾಸ್ ಪೆಟ್ರೋಲ್ ಹಾಗೆ ಉರಿದು ಖಾಲಿಯಾಗುವ ವಸ್ತುವಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ಐಸ್ ಮಷೀನಿನ ತೊಂದರೆಗಳಲ್ಲಿ ಬಹುಪಾಲು ಶುರುವಾಗುವುದು ನೀರಿನಿಂದ, ಇಲ್ಲವೇ ಶಾಖ ಹೊರಹಾಕುವ ಕಂಡೆನ್ಸರ್‌ಗೆ ಹೋಗುವ ಗಾಳಿಯಿಂದ. ಇವೆರಡನ್ನೂ ಅಂಗಡಿಯವರೇ ನೋಡಿ ಪತ್ತೆ ಹಚ್ಚಬಹುದು. ಬೇಕಾಗುವುದು ಅರ್ಧ ಗಂಟೆ ಸಮಯ, ಒಂದು ತಕ್ಕಡಿ, ಮೊಬೈಲಿನ ಸ್ಟಾಪ್‌ವಾಚ್.

ಮಷೀನ್ ಮಾಡುವ ಕೆಲಸ

ಕ್ಯೂಬ್ ಐಸ್ ಮಷೀನ್‌ಗಳಲ್ಲಿ ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆ. ದೊಡ್ಡ ಹೋಟೆಲುಗಳಲ್ಲಿರುವುದು ನಿಂತ ಪ್ಲೇಟಿನದು: ಗೋಡೆಯ ಹಾಗೆ ನಿಂತ ಚೌಕಳಿ ಪ್ಲೇಟಿನ ಮೇಲಿನಿಂದ ನೀರು ಜಾರಿ ಇಳಿಯುತ್ತದೆ, ಇಳಿಯುತ್ತಲೇ ಪದರ ಪದರವಾಗಿ ಹೆಪ್ಪುಗಟ್ಟುತ್ತದೆ. ಕೌಂಟರ್ ಕೆಳಗೆ ಕೂರುವ 30–50 ಕೆ.ಜಿ.ಯ ಸಣ್ಣ ಮಷೀನುಗಳು ಹೆಚ್ಚಿನವು ಚಿಮ್ಮುವ ಬಗೆಯವು: ಬಾಯಿ ಕೆಳಗೆ ಮಾಡಿ ಇಟ್ಟ ಅಚ್ಚುಗಳ ಸಾಲಿಗೆ ಕೆಳಗಿನಿಂದ ನಾಜಲ್‌ಗಳು ನೀರು ಚಿಮ್ಮುತ್ತವೆ. ಎರಡರಲ್ಲೂ ನಡೆಯುವುದು ಒಂದೇ. ಕೆಳಗಿನ ತೊಟ್ಟಿಗೆ ನೀರು ತುಂಬುತ್ತದೆ, ಸಣ್ಣ ಪಂಪ್ ಅದೇ ನೀರನ್ನು ಮತ್ತೆ ಮತ್ತೆ ಎತ್ತಿ ತಣ್ಣನೆಯ ಲೋಹದ ಮೇಲೆ ಹರಿಸುತ್ತದೆ. ಶುದ್ಧ ನೀರು ಮೊದಲು ಗಟ್ಟಿಯಾಗುತ್ತದೆ, ಉಪ್ಪಿನಂಶ ತೊಟ್ಟಿಯಲ್ಲೇ ಉಳಿಯುತ್ತದೆ. ಒಳ್ಳೆಯ ಮಷೀನಿನ ಐಸ್ ಗಾಜಿನ ಹಾಗೆ ಕಾಣುವುದು ಇದರಿಂದಲೇ.

ಐಸ್ ತಕ್ಕಷ್ಟು ದಪ್ಪವಾದ ಮೇಲೆ ಹಾರ್ವೆಸ್ಟ್, ಅಂದರೆ ಐಸ್ ಬೀಳಿಸುವ ಹಂತ. ಹಾಟ್ ಗ್ಯಾಸ್ ವಾಲ್ವ್ ತೆರೆದು ಕಂಪ್ರೆಸರಿನ ಬಿಸಿ ಗ್ಯಾಸ್ ಕಂಡೆನ್ಸರ್‌ಗೆ ಹೋಗದೆ ನೇರವಾಗಿ ಪ್ಲೇಟಿಗೆ ನುಗ್ಗುತ್ತದೆ. ಲೋಹಕ್ಕೆ ಅಂಟಿದ ತೆಳು ಪದರವಷ್ಟೇ ಕರಗಿ, ಐಸ್ ದಡದಡನೆ ಬಿನ್ನಿಗೆ, ಅಂದರೆ ಐಸ್ ಶೇಖರಿಸುವ ಪೆಟ್ಟಿಗೆಗೆ, ಬೀಳುತ್ತದೆ. ತೊಟ್ಟಿಯಲ್ಲಿ ಉಳಿದ ಉಪ್ಪು ನೀರು ಡ್ರೈನಿಗೆ ಹೋಗುತ್ತದೆ, ಹೊಸ ನೀರು ತುಂಬುತ್ತದೆ. ಇಷ್ಟೆಲ್ಲ ಸೇರಿ ಒಂದು ಸೈಕಲ್. ಮಾದರಿ, ಸೆಕೆ, ನೀರಿನ ಬಿಸಿ ನೋಡಿಕೊಂಡು ಹೆಪ್ಪುಗಟ್ಟಲು ಸಾಮಾನ್ಯವಾಗಿ 15ರಿಂದ 30 ನಿಮಿಷ, ಬೀಳಿಸಲು ಒಂದೂವರೆಯಿಂದ ಮೂರು ನಿಮಿಷ.

ಈ ಎರಡು ಸಮಯವನ್ನು ಮಷೀನ್ ಚೆನ್ನಾಗಿರುವಾಗಲೇ ಬರೆದಿಡಿ. ಒಂದು ಸೈಕಲ್ಲಿನ ಐಸನ್ನು ಸ್ವಚ್ಛವಾದ ತಟ್ಟೆಯಲ್ಲಿ ಹಿಡಿದು ತೂಗಿ. ಉದಾಹರಣೆಗೆ 24 ನಿಮಿಷ ಹೆಪ್ಪು, 2 ನಿಮಿಷ ಹಾರ್ವೆಸ್ಟ್, ತೂಕ 1.2 ಕೆ.ಜಿ. ದಿನಕ್ಕೆ 1440 ನಿಮಿಷ. 26ರಿಂದ ಭಾಗಿಸಿದರೆ ಸುಮಾರು 55 ಸೈಕಲ್. ಅಂದರೆ 66 ಕೆ.ಜಿ. ತಾರೀಖು, ಅಡುಗೆಮನೆಯ ಸೆಕೆ, ಈ ಮೂರು ಅಂಕಿ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮಷೀನಿನ ಪಕ್ಕಕ್ಕೆ ಅಂಟಿಸಿ. ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಸಮಯ 24ರಿಂದ 31ಕ್ಕೆ ಏರಿದ್ದರೆ ಐಸ್ ನಿಲ್ಲುವ ಮುಂಚೆಯೇ ಮಷೀನ್ ನಿಮಗೆ ಹೇಳುತ್ತಿದೆ ಎಂದರ್ಥ. ಈ ಚೀಟಿ ಇದ್ದರೆ ರಿಪೇರಿಗೆ ಬಂದವನ ಅರ್ಧ ಕೆಲಸ ಮುಗಿದಿರುತ್ತದೆ.

ಕ್ಯಾಟಲಾಗಿನಲ್ಲಿ ಬರೆದಿರುವ ಅಂಕಿಯ ಜೊತೆ ಹೋಲಿಸಿ ಕಂಗಾಲಾಗಬೇಡಿ. ಕೆಲವು ಕಂಪನಿಗಳ ಅಂಕಿ 10 ಡಿಗ್ರಿ ಗಾಳಿ, 10 ಡಿಗ್ರಿ ನೀರಿಗೆ ಕೊಟ್ಟದ್ದು. ಅಮೆರಿಕದ ಕೂಲಿಂಗ್ ಉಪಕರಣ ಉದ್ಯಮದ ಸಂಸ್ಥೆ ಎಎಚ್‌ಆರ್‌ಐ ಮಾನದಂಡ 32 ಡಿಗ್ರಿ ಗಾಳಿ, 21 ಡಿಗ್ರಿ ನೀರಿನದು. ರಾಯಚೂರು, ಕಲಬುರಗಿಯ ಮೇ ತಿಂಗಳಿಗೆ ಇವೆರಡೂ ದೂರ. ಕೊಳ್ಳುವಾಗಲೇ "ಈ 50 ಕೆ.ಜಿ. ಎಷ್ಟು ಸೆಕೆಗೆ, ಎಷ್ಟು ಬಿಸಿಯ ನೀರಿಗೆ?" ಎಂದು ಕೇಳಿ.

ನೀರು ಬರುತ್ತಿದೆಯೇ, ನಿಲ್ಲುತ್ತಿದೆಯೇ

ನೀರಿನ ಒತ್ತಡ ನಮ್ಮ ಅಂಗಡಿಗಳಲ್ಲಿ ಯಾರೂ ಲೆಕ್ಕ ಹಾಕದ ವಿಷಯ. ತಾರಸಿಯ ಟ್ಯಾಂಕ್ ಮಷೀನಿನ ವಾಲ್ವಿಗಿಂತ 3 ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಬರೀ 0.3 ಬಾರ್. 10 ಮೀಟರ್ ಎತ್ತರವಿದ್ದರೆ 1 ಬಾರ್. ಅನೇಕ ಮಷೀನುಗಳು ಕನಿಷ್ಠ 1 ಬಾರ್ ಆಸುಪಾಸು ಕೇಳುತ್ತವೆ, ಕೆಲವು ಅರ್ಧ ಬಾರಿಗೆ ಒಪ್ಪುತ್ತವೆ. ಮಷೀನಿನ ಜೊತೆ ಬಂದ ಪುಸ್ತಕದಲ್ಲಿ ಇದೆ, ನೋಡಿ. ಮಧ್ಯೆ ಎರಡು ಫಿಲ್ಟರ್ ಕೂರಿಸಿದರೆ ಇದ್ದ ಒತ್ತಡವೂ ಅಲ್ಲೇ ಕರಗುತ್ತದೆ. ಒಳಬರುವ ಪೈಪ್ ಬಿಚ್ಚಿ ಒಂದು ಲೀಟರ್ ಬಾಟಲಿ ಹಿಡಿಯಿರಿ. ತುಂಬಲು ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಕಾದರೆ ಮೊದಲು ಫಿಲ್ಟರ್ ಕಾರ್ಟ್ರಿಜ್ ನೋಡಿ, ಆಮೇಲೆ ವಾಲ್ವಿನ ಬಾಯಲ್ಲಿರುವ ಸಣ್ಣ ಜಾಲರಿ. ಟ್ಯಾಂಕರ್ ನೀರಿನ ಮರಳು, ತುಕ್ಕು ಎಲ್ಲ ಅಲ್ಲೇ ಕೂತಿರುತ್ತದೆ. ನೋಸ್ ಪ್ಲೈಯರಿನಿಂದ ಮೆಲ್ಲಗೆ ಎಳೆದು, ತೊಳೆದು ಹಾಕಬಹುದು. ಜಾಲರಿ ತೆಗೆದು ಬಿಸಾಡಬೇಡಿ. ಹಾಗೆ ಮಾಡಿದರೆ ಮರಳು ವಾಲ್ವಿನ ಒಳಗೆ ಹೋಗಿ ಕೂರುತ್ತದೆ. ಎಲ್ಲ ಸ್ವಚ್ಛವಿದ್ದೂ ನೀರು ಸಣ್ಣಗೆ ಬಂದರೆ ಸಣ್ಣ ಪ್ರೆಶರ್ ಪಂಪ್ ಒಂದೇ ದಾರಿ.

ಒತ್ತಡ ಕಡಿಮೆಯಾದರೆ ತುಂಬಲು ತಡವಾಗುತ್ತದೆ ಅಷ್ಟೇ ತಾನೆ ಎಂದುಕೊಳ್ಳುವವರು ಬಹಳ. ಅಷ್ಟೇ ಅಲ್ಲ. ಅನೇಕ ಮಷೀನುಗಳ ಇನ್‌ಲೆಟ್ ವಾಲ್ವಿನಲ್ಲಿ ರಬ್ಬರಿನ ಪರದೆ ಇರುತ್ತದೆ. ಅದು ಬಿಗಿಯಾಗಿ ಮುಚ್ಚಿಕೊಳ್ಳುವುದಕ್ಕೂ ನೀರಿನ ಒತ್ತಡವೇ ಬೇಕು. ಒತ್ತಡ ಇಲ್ಲದಿದ್ದರೆ ಅಥವಾ ಪರದೆಯ ಕೆಳಗೆ ಮರಳಿನ ಒಂದು ಕಣ ಸಿಕ್ಕಿಕೊಂಡರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಹೆಪ್ಪುಗಟ್ಟುವ ಹೊತ್ತೆಲ್ಲ ಹೊಸ ಬಿಸಿ ನೀರು ಎಳೆ ಎಳೆಯಾಗಿ ತೊಟ್ಟಿಗೆ ಸೇರುತ್ತಲೇ ಇರುತ್ತದೆ, ತಣ್ಣಗಾದ ನೀರು ಡ್ರೈನಿಗೆ ಹರಿಯುತ್ತದೆ. ಕಂಪ್ರೆಸರ್ ಓಡಿಯೇ ಓಡುತ್ತದೆ, ಐಸ್ ಮಾತ್ರ ತೆಳ್ಳಗೆ. ಇದನ್ನು ನೋಡಿಯೂ ಗ್ಯಾಸ್ ಕಡಿಮೆ ಅನ್ನುವವರಿದ್ದಾರೆ.

ಪತ್ತೆ ಮಾಡುವುದು ಸುಲಭ. ಹೆಪ್ಪುಗಟ್ಟಲು ಶುರುವಾಗಿ ಐದು ನಿಮಿಷವಾದ ಮೇಲೆ ಡ್ರೈನ್ ಪೈಪಿನ ತುದಿ ನೋಡಿ. ಅಲ್ಲಿ ನೀರು ಹರಿಯುತ್ತಲೇ ಇದ್ದರೆ, ಪ್ಲಗ್ ತೆಗೆಯಿರಿ. ಕರೆಂಟ್ ತೆಗೆದ ಮೇಲೂ ಹೊಸ ನೀರು ಒಳಗೆ ಬರುತ್ತಿದ್ದರೆ ವಾಲ್ವ್ ಕಚ್ಚಿಕೊಂಡಿದೆ: ಬಿಚ್ಚಿ ತೊಳೆಯಬೇಕು, ಇಲ್ಲವೇ ಬದಲಾಯಿಸಬೇಕು. ಕರೆಂಟ್ ತೆಗೆದಾಗ ನಿಂತರೆ ವಾಲ್ವ್ ಸರಿಯಿದೆ. ಬೋರ್ಡ್ ಅಥವಾ ಫ್ಲೋಟ್ ಸ್ವಿಚ್ ಅದನ್ನು ತೆರೆದಿಟ್ಟಿದೆ. ಒಳಗೆ ನೀರು ಬರದೇ ತೊಟ್ಟಿ ಮಾತ್ರ ಖಾಲಿಯಾಗುತ್ತಿದ್ದರೆ ಡ್ರೈನ್ ವಾಲ್ವಿನ ರಬ್ಬರಿನಲ್ಲಿ ಕಸ ಕೂತಿದೆ.

ನೀರಿನ ಬಿಸಿಯೂ ಲೆಕ್ಕಕ್ಕೆ ಬರುತ್ತದೆ. ಒಂದು ಕೆ.ಜಿ. ನೀರು 0 ಡಿಗ್ರಿಯಲ್ಲಿ ಐಸ್ ಆಗಲು 80 ಕಿಲೋಕ್ಯಾಲರಿ ಶಾಖ ಹೊರಗೆ ಹೋಗಬೇಕು. ಅದಕ್ಕೂ ಮೊದಲು 0ಗೆ ಇಳಿಯಲು ಡಿಗ್ರಿಗೆ ಒಂದರಂತೆ. ಬಿಸಿಲಲ್ಲಿ ಕಾದ ಕಪ್ಪು ಟ್ಯಾಂಕಿನಿಂದ 36 ಡಿಗ್ರಿಯ ನೀರು ಬಂದರೆ ಒಟ್ಟು 116. ನೆರಳಿನ ಟ್ಯಾಂಕಿನಿಂದ 24 ಡಿಗ್ರಿಯದು ಬಂದರೆ 104. ಶೇ. 11ರಷ್ಟು ಕೆಲಸ ಬರೀ ಬಿಸಿಲಿನಿಂದಾಗಿ ಹೆಚ್ಚು. ಟ್ಯಾಂಕಿಗೆ ನೆರಳು, ಬಿಸಿಲಿಗೆ ಬಿದ್ದ ಪೈಪಿಗೆ ಫೋಮ್ ಕೊಳವೆ, ಇವೆರಡಕ್ಕೆ ಆಗುವ ಖರ್ಚು ಗ್ಯಾಸ್ ಚಾರ್ಜಿಗಿಂತ ಕಡಿಮೆ.

ಬೋರ್ ನೀರಿನ ಉಪ್ಪು

ಬೆಂಗಳೂರಿನಲ್ಲಿ ಒಂದೇ ರಸ್ತೆಯ ಎರಡು ಅಂಗಡಿಗಳಲ್ಲಿ ಒಂದೇ ಮಾದರಿಯ ಮಷೀನ್ ಬೇರೆ ಬೇರೆ ಆಯಸ್ಸು ಬಾಳುವುದಕ್ಕೆ ಕಾರಣ ನೀರು. ಕಾವೇರಿ ನೀರು ಮೆದು. ಬೋರ್ ನೀರು, ಟ್ಯಾಂಕರ್ ನೀರು ಸಾಮಾನ್ಯವಾಗಿ ಗಡಸು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಲೀಟರಿಗೆ 500 ಮಿ.ಗ್ರಾಂ, ಗಡಸುತನ 200 ಮಿ.ಗ್ರಾಂ ಮೀರಬಾರದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 2000 ಮತ್ತು 600ರವರೆಗೆ ಒಪ್ಪಿಗೆ. ಮನುಷ್ಯ ಕುಡಿಯಬಹುದಾದ ನೀರೆಲ್ಲ ಐಸ್ ಮಷೀನಿಗೆ ಒಗ್ಗುವುದಿಲ್ಲ. ತೊಟ್ಟಿಯಲ್ಲಿ 4 ಲೀಟರ್ ಇದ್ದು 2 ಲೀಟರ್ ಐಸ್ ಆದರೆ, ಉಪ್ಪೆಲ್ಲ ಉಳಿದ 2 ಲೀಟರಿನಲ್ಲೇ. ಒಳಗೆ ಬಂದಾಗ 600 ಇದ್ದ ಟಿಡಿಎಸ್ ಸೈಕಲ್ಲಿನ ಕೊನೆಗೆ ಸುಮಾರು 1200. ಅದೇ ನೀರು ಪ್ಲೇಟ್, ನಾಜಲ್, ಪಂಪಿನ ಮೇಲೆಲ್ಲ ಹರಿದು ಬಿಳಿ ಪದರ ಕಟ್ಟುತ್ತದೆ.

ಟಿಡಿಎಸ್ ಮೀಟರ್ ಗಡಸುತನ ಹೇಳುವುದಿಲ್ಲ. ಅದಕ್ಕೆ ಬೇರೆ ಹನಿ ಪರೀಕ್ಷೆಯ ಕಿಟ್ ಸಿಗುತ್ತದೆ. ಸಾಫ್ಟ್‌ನರ್ ಹಾಕಿದರೆ ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬರುತ್ತದೆ, ಟಿಡಿಎಸ್ ಇಳಿಯುವುದಿಲ್ಲ. ಸ್ಕೇಲ್, ಅಂದರೆ ಆ ಬಿಳಿ ಪದರ, ಕಡಿಮೆಯಾಗುತ್ತದೆ ನಿಜ, ಆದರೆ ತುಂಬ ಗಡಸು ನೀರನ್ನು ಹೀಗೆ ಮೆದು ಮಾಡಿದರೆ ಐಸ್ ಮಬ್ಬಾಗಿ, ಮೆತ್ತಗೆ ಬರುತ್ತದೆ. ಆರ್‌ಒ ಹಾಕುವವರು ಮತ್ತೊಂದು ತುದಿಗೆ ಹೋಗಬಾರದು. ಐಸಿನ ದಪ್ಪ ಅಳೆಯುವ ಪ್ರೋಬ್, ಕೆಲವು ನೀರಿನ ಮಟ್ಟದ ಪ್ರೋಬ್‌ಗಳು ನೀರಿನಲ್ಲಿ ಹರಿಯುವ ಸಣ್ಣ ಕರೆಂಟನ್ನು ನಂಬಿ ಕೆಲಸ ಮಾಡುತ್ತವೆ. ಟಿಡಿಎಸ್ 10ರ ಹತ್ತಿರ ಇಳಿದರೆ ಅವಕ್ಕೆ ನೀರು ಇದೆಯೆಂದೇ ಗೊತ್ತಾಗದೇ ಹೋಗಬಹುದು. ಆರ್‌ಒ ನೀರಿಗೆ ಸ್ವಲ್ಪ ಮೂಲ ನೀರು ಬೆರೆಸಿ 50ರಿಂದ 150ರ ನಡುವೆ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತು. 5 ಮೈಕ್ರಾನ್ ಫಿಲ್ಟರ್, ಅದರ ಮುಂದೆ ಕಾರ್ಬನ್ ಎಂಬುದು ಎಲ್ಲರೂ ಹಾಕುವ ಜೋಡಿ. ಕಾರ್ಬನ್ ಕ್ಲೋರಿನ್ ವಾಸನೆ ತೆಗೆಯುತ್ತದೆ, ಐಸಿನ ರುಚಿಗೆ ಅದು ಬೇಕು. ಆದರೆ ಕ್ಲೋರಿನ್ ಹೋದ ನೀರಿನಲ್ಲಿ ಲೋಳೆ ಬೇಗ ಬೆಳೆಯುತ್ತದೆ. ಕಾರ್ಬನ್ ಹಾಕಿದವರು ಒಳಗೆ ಸ್ಯಾನಿಟೈಸ್ ಮಾಡುವುದನ್ನು ಇನ್ನೂ ಹೆಚ್ಚು ಸಲ ಮಾಡಬೇಕು. ಕಾರ್ಟ್ರಿಜ್ ಆರು ತಿಂಗಳಿಗೆ ಅಥವಾ ನೀರು ಸಣ್ಣಗಾದಾಗ, ಯಾವುದು ಮೊದಲೋ ಅದಕ್ಕೆ ಬದಲಾಯಿಸಿ.

ಕ್ಯೂಬನ್ನು ಕೈಯಲ್ಲಿ ಹಿಡಿದು ನೋಡಿ

ಚಿಮ್ಮುವ ಮಷೀನಿನ ಒಂದು ಕ್ಯೂಬ್ ತೆಗೆದು ಬೆಳಕಿಗೆ ಹಿಡಿಯಿರಿ. ಸರಿಯಾದದ್ದು ಪಾರದರ್ಶಕವಾಗಿದ್ದು, ಕೆಳಗೆ ಬೆರಳ ತುದಿ ಕೂರುವಷ್ಟು ಸಣ್ಣ ಗುಳಿ ಇರುತ್ತದೆ. ಗುಳಿ ದೊಡ್ಡದಾಗಿ ಬಳೆಯ ಹಾಗೆ ಟೊಳ್ಳಾಗಿದ್ದರೆ ಹೆಪ್ಪುಗಟ್ಟುವ ಸಮಯ ಸಾಲಲಿಲ್ಲ ಅಥವಾ ತೊಟ್ಟಿಯ ನೀರು ಮಧ್ಯದಲ್ಲೇ ಮುಗಿಯಿತು. ನಡುವೆ ಹಾಲಿನ ಬಿಳಿ ಇದ್ದರೆ ಉಪ್ಪು ಜಾಸ್ತಿ, ಅಥವಾ ಪ್ರತಿ ಸೈಕಲ್ಲಿಗೆ ಹೊರಹೋಗಬೇಕಾದ ಹಳೇ ನೀರು ಹೋಗುತ್ತಿಲ್ಲ, ಅಥವಾ ಪಂಪ್ ಸೋತು ನೀರು ನಿಧಾನವಾಗಿದೆ. ಎಲ್ಲ ಕ್ಯೂಬೂ ಚೆನ್ನಾಗಿದ್ದು ಒಂದೇ ಜಾಗದ ಒಂದೆರಡು ಮಾತ್ರ ಅರೆಬರೆ ಬಂದರೆ ಆ ಜಾಗದ ನಾಜಲ್ ಕಟ್ಟಿದೆ. ನಾಜಲ್ ಕಿತ್ತು ನೋಡಿದರೆ ಬಾಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಹರಳು ಕೂತಿರುತ್ತದೆ, ಅಷ್ಟೇ. ಸೂಜಿಯಿಂದ ಚುಚ್ಚಿದರೆ ತೂತು ಅಗಲವಾಗಿ ಚಿಮ್ಮುವ ದಿಕ್ಕು ಕೆಡುತ್ತದೆ. ಬಿಸಿ ಸಿಟ್ರಿಕ್ ಆಸಿಡ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಮರದ ಹಲ್ಲುಕಡ್ಡಿಯಿಂದ ತಳ್ಳಿ, ಉಲ್ಟಾ ದಿಕ್ಕಿನಿಂದ ನೀರು ಬಿಡಿ.

ನಿಂತ ಪ್ಲೇಟಿನ ಐಸ್ ಹಾಳೆಯ ಹಾಗೆ ಬೀಳುತ್ತದೆ. ಕ್ಯೂಬ್‌ಗಳನ್ನು ಜೋಡಿಸುವ ಸೇತುವೆ ಸುಮಾರು 3 ಮಿ.ಮೀ. ದಪ್ಪ ಇರಬೇಕು. ಅದಕ್ಕಿಂತ ದಪ್ಪವಾದರೆ ಹಾಳೆ ಒಡೆಯದೆ ಬಿನ್ನಿನಲ್ಲಿ ಅಡ್ಡ ನಿಲ್ಲುತ್ತದೆ. ತೆಳುವಾದರೆ ಕ್ಯೂಬ್‌ಗಳು ಒಂಟಿಯಾಗಿ ಪ್ಲೇಟಿಗೇ ಅಂಟಿ ಉಳಿಯುತ್ತವೆ. ಪ್ರೋಬ್ ಪಕ್ಕದ ಸ್ಕ್ರೂ ಮೂರನೇ ಒಂದು ಸುತ್ತು ತಿರುಗಿಸಿದರೆ ಹಲವು ಮಷೀನುಗಳಲ್ಲಿ ದಪ್ಪ 1.5 ಮಿ.ಮೀ. ಬದಲಾಗುತ್ತದೆ. ತಿರುಗಿಸುವ ಮೊದಲು ಪ್ರೋಬ್ ಒರೆಸಿ. ಉಪ್ಪು ಕಟ್ಟಿದ ಪ್ರೋಬ್ ಸುಳ್ಳು ಹೇಳುತ್ತದೆ. ಐಸಿನ ಮೇಲೆ ಉದ್ದುದ್ದ ಖಾಲಿ ಪಟ್ಟಿ ಕಂಡರೆ ಮೇಲಿನ ನೀರು ಹಂಚುವ ಕೊಳವೆಯ ತೂತುಗಳು ಕಟ್ಟಿವೆ.

ಇಲ್ಲೇ ಗ್ಯಾಸಿನ ನಿಜವಾದ ಗುರುತೂ ಸಿಗುತ್ತದೆ. ಪ್ಲೇಟಿಗೆ ಗ್ಯಾಸ್ ಒಳಬರುವ ಕಡೆ ಐಸ್ ದಪ್ಪವಾಗಿ, ಹೊರಹೋಗುವ ಕಡೆ ತೆಳ್ಳಗೆ ಅಥವಾ ಏನೂ ಇಲ್ಲದಿದ್ದರೆ, ನೀರು ಎಲ್ಲ ಕಡೆ ಸಮನಾಗಿ ಹರಿಯುತ್ತಿದ್ದರೆ, ಕಂಡೆನ್ಸರ್ ಸ್ವಚ್ಛವಾಗಿದ್ದರೆ, ಆಗ ಗ್ಯಾಸ್ ಕಡಿಮೆ ಎಂದು ಅನುಮಾನಿಸಲು ಕಾರಣವಿದೆ.

ಗಾಳಿ

ಹೆಚ್ಚು ಬರೆಯಬೇಕಾದ್ದಿಲ್ಲ, ಹೆಚ್ಚು ಮಾಡಬೇಕಾದ್ದಿದೆ. ನೀರಿನಿಂದ ತೆಗೆದ ಶಾಖವೆಲ್ಲ ಕಂಡೆನ್ಸರಿನಿಂದಲೇ ಹೊರಗೆ ಹೋಗಬೇಕು. ಒಗ್ಗರಣೆಯ ಜಿಡ್ಡು, ಮೈದಾ ಹಿಟ್ಟು, ಕೂದಲು ಸೇರಿ ಅದರ ರೆಕ್ಕೆಗಳ ಮೇಲೆ ಕಂಬಳಿಯ ಹಾಗೆ ಕೂರುತ್ತವೆ. ಹೆಪ್ಪುಗಟ್ಟುವ ಸಮಯ ಏರುತ್ತದೆ, ಒಳಗಿನ ಒತ್ತಡ ಏರುತ್ತದೆ, ಕಡೆಗೆ ಕಂಪ್ರೆಸರಿನ ಓವರ್‌ಲೋಡ್ ಬೀಳುತ್ತದೆ. ಗಾಳಿ ಎಳೆಯುವ ಜಾಲರಿಯ ಮುಂದೆ ಒಂದು ತುಂಡು ಟಿಶ್ಯೂ ಹಿಡಿಯಿರಿ. ಅದು ಜಾಲರಿಗೆ ಅಂಟಬೇಕು. ಜೋತು ಬಿದ್ದರೆ ಕಂಡೆನ್ಸರ್ ಕಟ್ಟಿದೆ ಅಥವಾ ಫ್ಯಾನ್ ಸೋತಿದೆ. ಫಿಲ್ಟರ್ ಜಾಲರಿ ವಾರಕ್ಕೊಮ್ಮೆ ತೊಳೆಯಿರಿ. ಪ್ಲಗ್ ತೆಗೆದು, ಮೆತ್ತನೆ ಬ್ರಶ್ಶಿನಿಂದ ರೆಕ್ಕೆಗಳ ಉದ್ದಕ್ಕೆ, ಅಡ್ಡಕ್ಕಲ್ಲ, ತಿಂಗಳಿಗೊಮ್ಮೆ ಉಜ್ಜಿ. ಜಿಡ್ಡಿದ್ದರೆ ಕಾಯಿಲ್ ಕ್ಲೀನರ್ ಬೇಕು. ಬರೀ ಬ್ಲೋವರ್ ಹೊಡೆದರೆ ಜಿಡ್ಡು ಇನ್ನೂ ಒಳಕ್ಕೆ ಹೋಗುತ್ತದೆ. ಮಷೀನಿನ ಗಾಳಿ ಬಾಯಿಗಳ ಮುಂದೆ ಕನಿಷ್ಠ 15 ಸೆಂ.ಮೀ. ಜಾಗ ಬಿಡಿ. ತಂದೂರಿನ ಪಕ್ಕ, ಫ್ರಿಜ್ಜಿನ ಬಿಸಿ ಗಾಳಿ ಬೀಸುವ ಕಡೆ ಇಡಬೇಡಿ. ಮಂಗಳೂರು, ಕಾರವಾರದ ಕಡಲ ಗಾಳಿಯಲ್ಲಿ ಅಲ್ಯೂಮಿನಿಯಂ ರೆಕ್ಕೆಗಳು ಉಪ್ಪಿಗೆ ಬೂದಿಯಾಗಿ ಉದುರುತ್ತವೆ. ಅಲ್ಲಿ ಕೊಳ್ಳುವಾಗಲೇ ಲೇಪನ ಇರುವ ಕಂಡೆನ್ಸರ್ ಕೇಳಿ.

ಐಸ್ ಆಗಿದೆ, ಬೀಳುತ್ತಿಲ್ಲ

ಮೊದಲ ಅನುಮಾನ ಪ್ಲೇಟಿನ ಮೇಲಿನ ಸ್ಕೇಲ್. ಒರಟಾದ ಮೈಗೆ ಐಸ್ ಕಚ್ಚಿಕೊಳ್ಳುತ್ತದೆ. ಸ್ಕ್ರೂಡ್ರೈವರ್, ಚಾಕು ಹಾಕಿ ಎಬ್ಬಿಸಲೇಬೇಡಿ. ಒಂದು ತೂತು ಬಿದ್ದರೆ ಗ್ಯಾಸ್ ಹೋಗುತ್ತದೆ, ನೀರು ಗ್ಯಾಸಿನ ಪೈಪಿಗೆ ಸೇರುತ್ತದೆ, ಮಷೀನ್ ಅಲ್ಲಿಗೆ ಮುಗಿದ ಹಾಗೆ. ಉಗುರುಬೆಚ್ಚಗಿನ ನೀರು ಸುರಿಯಿರಿ, ತಾನಾಗಿ ಬೀಳುತ್ತದೆ.

ಪ್ಲೇಟ್ ಸ್ವಚ್ಛವಿದ್ದೂ ಬೀಳದಿದ್ದರೆ ಹಾಟ್ ಗ್ಯಾಸ್ ವಾಲ್ವ್ ನೋಡಬೇಕು. ಹಾರ್ವೆಸ್ಟ್ ಶುರುವಾದಾಗ ಅದರ ಕಾಯಿಲ್ "ಟಕ್" ಎನ್ನಬೇಕು. ಕಾಯಿಲ್ ತಲೆಯ ಹತ್ತಿರ ಕಬ್ಬಿಣದ ತುದಿ ಹಿಡಿದರೆ ಅಯಸ್ಕಾಂತದ ಸೆಳೆತ ಗೊತ್ತಾಗುತ್ತದೆ. ಕರೆಂಟ್ ಬರುತ್ತಿದ್ದೂ ಸೆಳೆತವಿಲ್ಲದಿದ್ದರೆ ಕಾಯಿಲ್ ಸುಟ್ಟಿದೆ. ಹೆಚ್ಚಿನ ವಾಲ್ವ್‌ಗಳಲ್ಲಿ ಕಾಯಿಲ್ ಒಂದನ್ನೇ ಬದಲಾಯಿಸಬಹುದು, ಗ್ಯಾಸ್ ಬಿಚ್ಚಬೇಕಿಲ್ಲ. ಇದೇ ವಾಲ್ವ್ ಪೂರ್ತಿ ಮುಚ್ಚದೇ ಹೋದರೆ ತೊಂದರೆ ತಿರುಗಾಮುರುಗಾ: ಬಿಸಿ ಗ್ಯಾಸ್ ಸದಾ ಪ್ಲೇಟಿಗೆ ಸೋರಿ ಐಸ್ ಆಗುವುದೇ ಇಲ್ಲ. ಹೆಪ್ಪುಗಟ್ಟಲು ಶುರುವಾಗಿ ಐದು ನಿಮಿಷಕ್ಕೆ ವಾಲ್ವಿನ ಆಚೆ ಬದಿಯ ಪೈಪು ಕಂಪ್ರೆಸರಿನಿಂದ ಬರುವ ಪೈಪಿನಷ್ಟೇ ಸುಡುತ್ತಿದ್ದರೆ ಇದೇ ಕಾರಣ. ಆ ಪೈಪನ್ನು ಕೈಯಿಂದ ಹಿಡಿಯಬೇಡಿ, ಥರ್ಮಾಮೀಟರಿನ ಕ್ಲಿಪ್ ಹಾಕಿ.

ಮಡಿಕೇರಿ, ಚಿಕ್ಕಮಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಮಾತ್ರ ಐಸ್ ಬೀಳದಿದ್ದರೆ ಕಾರಣ ಚಳಿ. ಸುತ್ತಲ ಗಾಳಿ 10 ಡಿಗ್ರಿಗಿಂತ ಕೆಳಗಿಳಿದರೆ ಬಿಸಿ ಗ್ಯಾಸಿನಲ್ಲಿ ಶಾಖವೇ ಸಾಲದು. ಹೊರಗಿನ ಶೆಡ್ಡಿನಿಂದ ಮಷೀನನ್ನು ಒಳಗೆ ತನ್ನಿ.

ಬಿನ್ ಖಾಲಿ ಇದ್ದರೂ ಮಷೀನ್ ನಿಂತಿದ್ದರೆ ಅದಕ್ಕೆ ಬಿನ್ ತುಂಬಿದೆಯೆಂದು ಕಾಣುತ್ತಿರಬೇಕು. ನಿಂತ ಪ್ಲೇಟಿನದರಲ್ಲಿ ಮುಂದಿನ ಪರದೆ ಕೊಂಡಿಯಿಂದ ಜಾರಿ ಅರೆ ತೆರೆದಿರುತ್ತದೆ, ಅಥವಾ ಒಂದು ಕ್ಯೂಬ್ ಸಿಕ್ಕಿಕೊಂಡಿರುತ್ತದೆ. ಸಣ್ಣ ಮಷೀನಿನಲ್ಲಿ ಬಿನ್ ಒಳಗಿನ ಸೆನ್ಸರ್ ತನ್ನ ಕೊಳವೆಯಿಂದ ಹೊರಬಂದು ಬೇರೆಲ್ಲೋ ತಣ್ಣಗೆ ಕೂತಿರುತ್ತದೆ. ಸೆನ್ಸರ್ 10 ಕಿಲೋಓಮ್ ಎನ್‌ಟಿಸಿ (ತಣ್ಣಗಾದಷ್ಟೂ ರೋಧ ಏರುವ) ಬಗೆಯದಾದರೆ ಲೋಟದ ಐಸ್ ನೀರಿನಲ್ಲಿ ಅದ್ದಿದಾಗ ಮಲ್ಟಿಮೀಟರಿನಲ್ಲಿ 28ರಿಂದ 33 ಕಿಲೋಓಮ್ ತೋರಿಸಬೇಕು. ಬಹಳ ದೂರವಿದ್ದರೆ ಬದಲಾಯಿಸಿ.

ಕರೆಂಟು

ಕಂಪ್ರೆಸರ್ ಏಳಲು ನೋಡಿ "ಗುಂಯ್" ಎಂದು, ಕೆಲ ಸೆಕೆಂಡಿಗೆ "ಕ್ಲಿಕ್" ಎಂದು ಸುಮ್ಮನಾಗಿ, ಮತ್ತೆ ಅದೇ ಮಾಡುತ್ತಿದ್ದರೆ ಕೂಡಲೇ ಆಫ್ ಮಾಡಿ. ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ. ವೋಲ್ಟೇಜನ್ನು ಮಷೀನ್ ಏಳುವ ಕ್ಷಣದಲ್ಲಿ, ಅದರದೇ ಪ್ಲಗ್ಗಿನಲ್ಲಿ ಅಳೆಯಬೇಕು. ನಿಂತಾಗ 230 ಇದ್ದು ಏಳುವಾಗ 200ಕ್ಕಿಂತ ಕೆಳಗೆ ಕುಸಿದರೆ ತೆಳುವಾದ ವೈರ್ ಅಥವಾ ಸಡಿಲ ಸಾಕೆಟ್ ಕಾರಣ. ಮಷೀನಿಗೆ ತನ್ನದೇ ಎಂಸಿಬಿ, 16 ಆಂಪಿಯರ್ ಸಾಕೆಟ್, 2.5 ಚದರ ಮಿ.ಮೀ. ತಾಮ್ರದ ವೈರ್, ಗಟ್ಟಿ ಅರ್ಥಿಂಗ್ ಇರಲಿ. ಮಿಕ್ಸಿ, ಕಾಫಿ ಮಷೀನ್ ಎಲ್ಲ ಸೇರಿದ ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ವೋಲ್ಟೇಜ್ ಸರಿಯಿದ್ದರೆ ಮುಂದಿನದು ಕೆಪಾಸಿಟರ್ ಮತ್ತು ರಿಲೇ. ಕೆಪಾಸಿಟರ್ ಮುಟ್ಟುವ ಮೊದಲು ಅದರಲ್ಲಿ ಉಳಿದ ಚಾರ್ಜ್ ತೆಗೆಯಬೇಕು, ಗೊತ್ತಿಲ್ಲದವರು ಮುಟ್ಟಬಾರದು.

ಕರೆಂಟ್ ಹೋಗಿ ಹತ್ತೇ ಸೆಕೆಂಡಿಗೆ ಬಂದರೆ ಕಂಪ್ರೆಸರ್ ತುಂಬಿದ ಒತ್ತಡದ ಎದುರು ಏಳಬೇಕಾಗುತ್ತದೆ. ಕನಿಷ್ಠ 3 ನಿಮಿಷ ತಡೆದು ಕರೆಂಟ್ ಬಿಡುವ ಸ್ಟೆಬಿಲೈಸರ್ ಹಾಕಿ.

ಗ್ಯಾಸ್ ಹಾಕಿಸಲೇಬೇಕಾದರೆ

ಸೋರಿಕೆ ಎಲ್ಲಿ ಎಂದು ಮೊದಲು ತೋರಿಸಬೇಕು. ಪೈಪ್ ಜಾಯಿಂಟಿನಲ್ಲಿ ಎಣ್ಣೆಯ ಕಲೆ, ಸೋಪ್ ನೀರಿನ ಗುಳ್ಳೆ, ಇಲ್ಲದಿದ್ದರೆ ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂಬ ಪರೀಕ್ಷೆ. ಸರಿಪಡಿಸಿದ ಮೇಲೆ ಹೊಸ ಡ್ರೈಯರ್ (ಗ್ಯಾಸಿನ ತೇವ, ಕಸ ಹಿಡಿಯುವ ಫಿಲ್ಟರ್) ಹಾಕಬೇಕು, ವ್ಯಾಕ್ಯೂಮ್ ಪಂಪಿನಿಂದ ಪೈಪಿನೊಳಗಿನ ಒತ್ತಡವನ್ನು 500 ಮೈಕ್ರಾನಿಗೆ ಇಳಿಸಬೇಕು, ಆಮೇಲೆ ನಾಮಫಲಕದಲ್ಲಿ ಬರೆದಷ್ಟೇ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಬೇಕು. ಸಣ್ಣ ಮಷೀನಿಗೆ ಬೇಕಾಗುವುದೇ ಕೆಲವು ನೂರು ಗ್ರಾಂ. 180 ಗ್ರಾಂ ಬೇಕಾದಲ್ಲಿ 20 ಗ್ರಾಂ ಹೆಚ್ಚುಕಡಿಮೆ ಎಂದರೆ ನೂರಕ್ಕೆ ಹನ್ನೊಂದು ತಪ್ಪು. ಗೇಜ್ ನೋಡಿ ಅಂದಾಜಿಗೆ ಹಾಕುವವರನ್ನು ಒಪ್ಪಿಕೊಳ್ಳಬೇಡಿ. ಆರ್-404ಎ ಮಿಶ್ರಣದ ಗ್ಯಾಸ್, ಸಿಲಿಂಡರಿನಿಂದ ದ್ರವವಾಗಿಯೇ ತೆಗೆಯಬೇಕು. ಆರ್-290 ಎಂದು ಬರೆದಿದ್ದರೆ ಅದು ಪ್ರೊಪೇನ್, ಹೊತ್ತಿಕೊಳ್ಳುತ್ತದೆ. ಅದರಲ್ಲಿ ತರಬೇತಿ ಪಡೆದವರು ಬಿಟ್ಟು ಬೇರೆಯವರು ಹತ್ತಿರ ಬೆಸುಗೆಯ ಟಾರ್ಚ್ ತರಬಾರದು. ಇನ್ನು, ಡ್ರೈಯರಿನ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಣ್ಣಗೆ ಬೆವರುತ್ತಿದ್ದರೆ ಅದು ಕಟ್ಟಿದೆ. ಲಕ್ಷಣ ಗ್ಯಾಸ್ ಕಡಿಮೆಯಾದ ಹಾಗೇ ಇರುತ್ತದೆ, ಎಷ್ಟು ಗ್ಯಾಸ್ ಹಾಕಿದರೂ ಸರಿಹೋಗುವುದಿಲ್ಲ.

ಒಳಗಿನ ತೊಳೆತ

ಆರು ತಿಂಗಳಿಗೊಮ್ಮೆ ಎಂದು ಪುಸ್ತಕಗಳು ಹೇಳುತ್ತವೆ. ಬೋರ್ ನೀರಾದರೆ ಎರಡು ತಿಂಗಳಿಗೊಮ್ಮೆ ಬೇಕು. ಬಿನ್ನಿನ ಐಸ್ ಎಲ್ಲ ಚೆಲ್ಲಿ. ಪ್ಲೇಟಿನ ಮೇಲೆ ಐಸ್ ಇಲ್ಲದಾಗ ವಾಶ್ ಮೋಡಿಗೆ ಹಾಕಿ, ತೊಟ್ಟಿ ತುಂಬಲು ಬಿಡಿ. ಪ್ಲೇಟಿಗೆ ನಿಕಲ್ ಲೇಪನ ಇದ್ದರೆ ನಿಕಲ್-ಸೇಫ್ ಎಂದು ಬರೆದ ಡಿಸ್ಕೇಲರ್ ಮಾತ್ರ, ಬಾಟಲಿ ಹೇಳಿದ ಅಳತೆಯಲ್ಲಿ. ಮಷೀನಿನ ಪುಸ್ತಕ ಸಿಟ್ರಿಕ್ ಆಸಿಡ್ ಒಪ್ಪಿದರೆ ಆಹಾರ ದರ್ಜೆಯದನ್ನು ಲೀಟರಿಗೆ 50 ಗ್ರಾಂ. 5 ಲೀಟರಿನ ತೊಟ್ಟಿಗೆ 250 ಗ್ರಾಂ, ಬೆಚ್ಚಗಿನ ನೀರಿನಲ್ಲಿ ಕರಗಿಸಿ ಹಾಕಿ. ಉಪ್ಪಿನ ಪದರದ ಮೇಲೆ ಸೋಡಾ ಹಾಗೆ ಸಣ್ಣ ಗುಳ್ಳೆ ಏಳುತ್ತವೆ. 20ರಿಂದ 30 ನಿಮಿಷ ಸುತ್ತಲು ಬಿಡಿ. ಗುಳ್ಳೆ ನಿಂತೂ ಪದರ ಉಳಿದಿದ್ದರೆ ಆಸಿಡ್ ತೀರಿದೆ. ಚೆಲ್ಲಿ ಹೊಸದು ಹಾಕಿ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ಹತ್ತು ನಿಮಿಷದಲ್ಲಿ ಬೆಳ್ಳಗೆ ಮಾಡಿ ತೋರಿಸುವವರಿದ್ದಾರೆ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಸಿಡ್ ಲೇಪನವನ್ನೂ ಸ್ಟೀಲನ್ನೂ ತಿನ್ನುತ್ತದೆ. ಲೇಪನ ಎದ್ದ ಪ್ಲೇಟಿನ ಐಸ್ ಜನರ ಬಾಯಿಗೆ ಹೋಗುತ್ತದೆ ಎಂಬುದು ನೆನಪಿರಲಿ.

ಮೂರು ಸಲ ಸ್ವಚ್ಛ ನೀರು ಸುತ್ತಿಸಿ ಚೆಲ್ಲಿದ ಮೇಲೆ ಪರದೆ, ಹಂಚುವ ಕೊಳವೆ, ನಾಜಲ್, ಫ್ಲೋಟ್ ಬಿಚ್ಚಿ ನೈಲಾನ್ ಬ್ರಶ್ಶಿನಿಂದ ಉಜ್ಜಿ. ಸ್ಟೀಲ್ ಸ್ಕ್ರಬ್ಬರ್ ಬೇಡ, ಗೀರಿನಲ್ಲಿ ಉಪ್ಪೂ ಲೋಳೆಯೂ ಮನೆ ಮಾಡುತ್ತವೆ. ಮೇಲಿನ ಮೂಲೆಗಳಲ್ಲಿ, ಕೊಳವೆಯ ಹಿಂದೆ ಬೆರಳಾಡಿಸಿ ನೋಡಿ. ಜಾರುವ ಗುಲಾಬಿ ಅಥವಾ ಕಂದು ಲೋಳೆ ಅಲ್ಲೇ ಇರುತ್ತದೆ. ಬ್ರೆಡ್, ಬಿಯರ್ ಇರುವ ಜಾಗದಲ್ಲಿ ಯೀಸ್ಟ್ ಗಾಳಿಯಲ್ಲೇ ಬರುವುದರಿಂದ ಇನ್ನೂ ಬೇಗ ಬೆಳೆಯುತ್ತದೆ.

ಕೊನೆಗೆ ಸ್ಯಾನಿಟೈಸ್. ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ ಲೀಟರಿಗೆ 4 ಮಿ.ಲೀ., ಶೇ. 10ರದಾದರೆ 2 ಮಿ.ಲೀ.; ಎರಡೂ 200 ಪಿಪಿಎಂ ಆಗುತ್ತದೆ. ಪರಿಮಳ ಸೇರಿಸಿದ್ದು ಬೇಡ. 10–15 ನಿಮಿಷ ಸುತ್ತಿಸಿ, ಬಿನ್ನಿನ ಗೋಡೆಗೂ ಇದೇ ನೀರು ಒರೆಸಿ, ಚೆಲ್ಲಿ, ಎರಡು ಸಲ ತೊಳೆಯಿರಿ. ಆಸಿಡ್ ನೀರು ಪೂರ್ತಿ ಹೋಗುವ ಮುಂಚೆ ಹೈಪೋಕ್ಲೋರೈಟ್ ಹಾಕಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಮುಚ್ಚಿದ ಅಡುಗೆಮನೆಯಲ್ಲಿ ಅದು ಜೀವಕ್ಕೇ ಅಪಾಯ. ಎರಡು ಬಾಟಲಿಗಳನ್ನೂ ಒಟ್ಟಿಗೆ ತೆರೆದಿಡಬೇಡಿ. ಗ್ಲೌಸ್, ಕನ್ನಡಕ ಹಾಕಿಕೊಳ್ಳಿ, ಕಿಟಕಿ ತೆರೆದಿರಲಿ.

ಬಿನ್ ಮತ್ತು ಡ್ರೈನ್

ಹೊಸ ಐಸ್ ಹಳೆಯದರ ಮೇಲೆ ಬೀಳುತ್ತದೆ, ಹಿಂದಿನ ಮೂಲೆಯದು ವಾರಗಟ್ಟಲೆ ಅಲ್ಲೇ ಗಟ್ಟಿಯಾಗುತ್ತದೆ. ದಿನಕ್ಕೊಮ್ಮೆ ಅದನ್ನು ಮುಂದಕ್ಕೆ ಎಳೆಯಿರಿ. ಸ್ಕೂಪ್ ಐಸಿನೊಳಗೆ ಹೂತಿಡದೆ ಹೊರಗೆ ತನ್ನದೇ ಡಬ್ಬಿಯಲ್ಲಿರಲಿ. ಗಾಜಿನ ಲೋಟದಿಂದ ಐಸ್ ಗೋರಬಾರದು. ಒಡೆದ ಗಾಜು ಐಸಿನಲ್ಲಿ ಕಾಣುವುದಿಲ್ಲ. ಒಂದು ಲೋಟ ಒಡೆದರೂ ಇಡೀ ಬಿನ್ ಕರಗಿಸಿ ತೊಳೆಯಬೇಕು. ಬಿಯರ್ ಬಾಟಲಿ, ಹಾಲಿನ ಪ್ಯಾಕೆಟ್, ಮೀನು ತಣ್ಣಗಿಡಲು ಬಿನ್ನಿಗೆ ತುರುಕಬೇಡಿ. ವಾಸನೆ ಮೊದಲು ಹಿಡಿಯುವುದು ಐಸಿಗೆ.

ಡ್ರೈನ್ ಪೈಪಿಗೆ ಮೀಟರಿಗೆ 2 ಸೆಂ.ಮೀ. ಇಳಿಜಾರು ಬೇಕು, ನಡುವೆ ಎಲ್ಲೂ ಹೊಟ್ಟೆ ಬರಬಾರದು. ಪೈಪಿನ ತುದಿ ನೆಲದ ಜಾಲರಿಯಿಂದ ಸುಮಾರು 5 ಸೆಂ.ಮೀ. ಮೇಲೆ ನಿಲ್ಲಲಿ, ಒಳಗೆ ತೂರಬಾರದು; ಚರಂಡಿ ಕಟ್ಟಿದ ದಿನ ಆ ಗಲೀಜು ನೀರು ಬಿನ್ನಿಗೆ ಏರಿ ಬರುವುದು ಈ ಸಣ್ಣ ಅಂತರ ಇಲ್ಲದ ಕಡೆ. ಮಷೀನಿನ ಕೆಳಗೆ ನೀರು ನಿಂತರೆ ಮೊದಲು ಇದನ್ನೇ ನೋಡಿ, ಆಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ಮಷೀನ್ ಸಮವಾಗಿದೆಯೇ ನೋಡಿ. ವಾಲಿದ್ದರೆ ತೊಟ್ಟಿಯ ನೀರು ಒಂದೇ ಬದಿಗೆ ತುಳುಕುತ್ತದೆ, ಐಸೂ ಒಂದು ಕಡೆ ದಪ್ಪ, ಒಂದು ಕಡೆ ತೆಳು.

ಮಳೆಗಾಲದಲ್ಲಿ ಕೆಲವು ವಾರ ನಿಲ್ಲಿಸುವುದಾದರೆ ನೀರಿನ ಕಾಕ್ ಮುಚ್ಚಿ, ತೊಟ್ಟಿ ಖಾಲಿ ಮಾಡಿ, ಒಳಗೆಲ್ಲ ಒಣಗಿಸಿ, ಬಿನ್ನಿನ ಬಾಗಿಲು ಎರಡು ಬೆರಳಷ್ಟು ತೆರೆದಿಡಿ. ಮತ್ತೆ ಶುರು ಮಾಡುವ ದಿನ ಪೈಪಿನ ನೀರು ಐದು ನಿಮಿಷ ಹೊರಗೆ ಬಿಟ್ಟು, ಸ್ಯಾನಿಟೈಸ್ ಮಾಡಿ, ಮೊದಲ ಎರಡು ಸೈಕಲ್ಲಿನ ಐಸ್ ಚೆಲ್ಲಿ. ಮೂರನೆಯದನ್ನು ತೂಗಿ, ಚೀಟಿಯಲ್ಲಿ ಬರೆಯಿರಿ.